ಅಪ್ಪನ ಪೆಟ್ಟಿಗೆ, ನಮ್ಮ ಗ್ರೈಂಡರ್

ಆಯುಧಪೂಜೆಗೆ ಇನ್ನು ಮೂರು ವಾರ ಇತ್ತು. ಕೊಟ್ಟಿಗೆ ಮೂಲೆಯಲ್ಲಿ ಹುಲ್ಲಿನ ಹಿಂದೆ ಬಿದ್ದಿದ್ದ ಅಪ್ಪನ ಟೂಲ್ಸ್ ಪೆಟ್ಟಿಗೆಯನ್ನು ಗುಜರಿಯವನು ಕಾಲಲ್ಲಿ ತಳ್ಳಿ ನೋಡಿ, "ಇದನ್ನೂ ಹಾಕ್ಬಿಡಿ ಅಮ್ಮ, ತೂಕ ಚೆನ್ನಾಗಿ ಬರ್ತದೆ" ಅಂದ. ಅಮ್ಮ ಏನೂ ಹೇಳದೆ ಒಳಗೆ ಹೋದಳು. ಒಡೆದ ಬಕೆಟ್ಟು, ಮುರಿದ ಕುರ್ಚಿ ಕೊಟ್ಟು ನಾವು ಅವನನ್ನು ಸಾಗಹಾಕಿದೆವು. ಪೆಟ್ಟಿಗೆಯನ್ನು ಎಳೆದು ಅಂಗಳಕ್ಕೆ ತಂದೆವು.

ನಾವು ಅಂದರೆ ಅಕ್ಕ, ತಮ್ಮ. ಒಬ್ಬರು ಪತ್ರಿಕೋದ್ಯಮ ಓದಿ ಇಲ್ಲಿ ಬರೆಯುವವರು, ಇನ್ನೊಬ್ಬರು ಐಟಿಐ ಮುಗಿಸಿ ತಿಪಟೂರಿನಲ್ಲಿ ವೆಲ್ಡಿಂಗ್ ಮಾಡುವವರು. ಬರೆದಿದ್ದು ಒಬ್ಬರೇ ಆದರೂ ತಪ್ಪು ಮಾಡಿದ್ದು ಇಬ್ಬರೂ.

ಪೆಟ್ಟಿಗೆ ನೀವೆಲ್ಲ ನೋಡಿರುವಂಥದ್ದೇ. ತಗಡಿನದು. ಮೇಲಿನ ಹಿಡಿ ಎರಡೂ ಕಡೆಗೆ ಎಳೆದರೆ ತಟ್ಟೆಗಳು ಮೆಟ್ಟಿಲಿನ ಹಾಗೆ ಬಿಚ್ಚಿಕೊಳ್ಳುತ್ತವೆ. ಎಡಕ್ಕೆ ಎರಡು, ಬಲಕ್ಕೆ ಎರಡು, ತಳದಲ್ಲಿ ಒಂದು. ಅಪ್ಪ ಮೊದಲು ಇದನ್ನು ಸೈಕಲ್ ಕ್ಯಾರಿಯರಿಗೆ ಟ್ಯೂಬಿನಲ್ಲಿ ಬಿಗಿದುಕೊಂಡು ಹೋಗುತ್ತಿದ್ದ, ಆಮೇಲೆ ಟಿವಿಎಸ್ ಫಿಫ್ಟಿಯಲ್ಲಿ. ಸುತ್ತಲಿನ ಊರುಗಳಲ್ಲಿ ಅಪ್ಪನ ಹೆಸರು ಗೊತ್ತಿದ್ದವರು ಕಮ್ಮಿ. ಎಲ್ಲರಿಗೂ ಅವನು ಇಂಜಿನ್ನಯ್ಯ.

ತೆರೆದ ಬಾವಿಗಳಲ್ಲಿ ನೀರಿದ್ದ ಕಾಲಕ್ಕೆ ಡೀಸೆಲ್ ಇಂಜಿನ್ನುಗಳದ್ದೇ ಕೆಲಸ. ಅದರಲ್ಲೂ ದೊಡ್ಡ ಚಕ್ರದ, ಹ್ಯಾಂಡಲ್ ಹಾಕಿ ತಿರುಗಿಸುವ ಲಿಸ್ಟರ್ ಮಾದರಿಯವು. ಮೂಲ ಇಂಗ್ಲೆಂಡಿನದು, ನಮ್ಮ ಕಡೆಗೆ ಬರುತ್ತಿದ್ದುದು ರಾಜ್‌ಕೋಟ್‌ನಲ್ಲಿ ಮಾಡಿದವು. ನಿಮಿಷಕ್ಕೆ 650 ಸುತ್ತು ಅಷ್ಟೆ, ನಿಧಾನ. ಸುತ್ತು ಎಣಿಸಿಬಿಡಬಹುದೇನೋ ಅನ್ನುವ ಹಾಗೆ ಬಡಿದುಕೊಳ್ಳುತ್ತಿತ್ತು. ಬಾವಿ ಬತ್ತಿ ಬೋರ್‌ವೆಲ್ ಬಂದವು, ಕರೆಂಟ್ ಮೋಟರ್ ಬಂದವು. ಆಗ ಅಪ್ಪ ಟಿಲ್ಲರಿನ ಕಡೆ ತಿರುಗಿಕೊಂಡ. ತೋಟದವರ ಮನೆಗಳಲ್ಲಿ ಶಕ್ತಿ ಟಿಲ್ಲರ್ ಇದ್ದೇ ಇರುತ್ತಿತ್ತು, ಹಾಗಾಗಿ ಕೆಲಸಕ್ಕೇನೂ ಬರ ಬರಲಿಲ್ಲ.

ಪೆಟ್ಟಿಗೆಯಲ್ಲಿ ಎರಡು ಜಾತಿಯ ಸ್ಪ್ಯಾನರ್ ಇರುವುದು ಇದೇ ಕಾರಣಕ್ಕೆ. ಟಿಲ್ಲರಿನದು ಮಿಲಿಮೀಟರ್ ಲೆಕ್ಕ. ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು, ಹತ್ತೊಂಬತ್ತು, ಇಷ್ಟಿದ್ದರೆ ಮುಕ್ಕಾಲು ಕೆಲಸ ಆಯಿತು. ಹಳೇ ಇಂಜಿನ್ನಿನದು ವಿಟ್‌ವರ್ತ್ ಲೆಕ್ಕ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಅನ್ನುವ ಇಂಗ್ಲೆಂಡಿನ ಇಂಜಿನಿಯರ್ ಬೋಲ್ಟಿನ ಮರೆಗೆ ಒಂದು ಅಳತೆ ಗೊತ್ತು ಮಾಡಿದ. ಅದಕ್ಕೂ ಮೊದಲು ಒಂದು ಕಾರ್ಖಾನೆಯ ನಟ್ಟು ಇನ್ನೊಂದು ಕಾರ್ಖಾನೆಯ ಬೋಲ್ಟಿಗೆ ಕೂರುವ ಗ್ಯಾರಂಟಿ ಇರಲಿಲ್ಲ. ಇದರಲ್ಲಿ ಗೊಂದಲ ಏನೆಂದರೆ, ಸ್ಪ್ಯಾನರಿನ ಮೇಲೆ ಅರ್ಧ ಇಂಚು ಅಂತ ಬರೆದಿದ್ದರೆ ಅದರ ಬಾಯಿ ಅರ್ಧ ಇಂಚು ಇರುವುದಿಲ್ಲ. ಆ ಸಂಖ್ಯೆ ಬೋಲ್ಟಿನ ದಪ್ಪದ್ದು. ಬಾಯಿ ಅಳೆದರೆ 23.4 ಮಿಲಿಮೀಟರ್ ಬರುತ್ತದೆ. ಅಲ್ಲಿಗೆ 23ರ ಸ್ಪ್ಯಾನರ್ ಹೋಗುವುದಿಲ್ಲ. 24 ಹಾಕಿ ಜೋರು ಮಾಡಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಉಳಿ, ಸುತ್ತಿಗೆಯೇ ಗತಿ. ಎಂಟನೇ ಮೂರು ವಿಟ್‌ವರ್ತ್ ಮಾತ್ರ 18 ಮಿಲಿಮೀಟರಿಗೆ ಹೆಚ್ಚುಕಮ್ಮಿ ಸರಿಹೋಗುತ್ತದೆ.

ಇಷ್ಟೆಲ್ಲ ನಮಗೆ ಗೊತ್ತಾಗಿದ್ದು ಪೆಟ್ಟಿಗೆ ರಿಪೇರಿ ಮಾಡಿದ ಮೇಲೆ. ಮಾಡುವಾಗ ನಮ್ಮ ತಲೆಯಲ್ಲಿದ್ದುದು ಯೂಟ್ಯೂಬ್. ತುಕ್ಕು ಹಿಡಿದ ಪೆಟ್ಟಿಗೆ ಹತ್ತು ನಿಮಿಷದಲ್ಲಿ ಫಳಫಳ ಹೊಳೆಯುವ ವಿಡಿಯೋಗಳು ನಿಮಗೂ ಬಂದಿರುತ್ತವೆ.

ಅಪ್ಪ ಕೆಲಸ ಬಿಟ್ಟು ಎರಡು ವರ್ಷ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಇಳಿದಿತ್ತು, ಕನ್ನಡಕದಿಂದ ಸರಿಹೋಗುವಂಥದ್ದಲ್ಲ. ಒಂದು ಸಂಜೆ ಗಾಡಿ ಸಮೇತ ಬದುವಿನಿಂದ ಕೆಳಗೆ ಬಿದ್ದ. ಮಾರನೇ ದಿನ ಗಾಡಿ ಮಾರಿದ. ಪೆಟ್ಟಿಗೆ ಕೊಟ್ಟಿಗೆ ಸೇರಿತು. ಹೆಂಚಿನ ಸಂದಿಯಿಂದ ಎರಡು ಮಳೆಗಾಲದ ನೀರು ಅದರ ಮೇಲೆ ಸುರಿದಿತ್ತು. ಹಬ್ಬದ ದಿನ ಹೊಸದರ ಹಾಗೆ ಮಾಡಿ ಅಪ್ಪನ ಮುಂದೆ ಇಡಬೇಕು ಅಂತ ನಮ್ಮ ಆಸೆ.

ಮೊದಲು ಡೀಸೆಲ್‌ನಲ್ಲಿ ತೊಳೆದೆವು (ಸೀಮೆಎಣ್ಣೆ ಈಗೆಲ್ಲಿ ಸಿಗುತ್ತೆ ಹೇಳಿ). ಸಣ್ಣ ಸಾಮಾನನ್ನು ಬಿಳಿ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಉಜ್ಜಿ, ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ, ಒಣಗಿಸಿ ಎಣ್ಣೆ ಸವರಿದೆವು. ಸೋಡಾ ನೀರಿಗೆ ಅದ್ದದಿದ್ದರೆ ಹುಳಿ ಉಳಿದುಕೊಂಡು ಮತ್ತೆ ತುಕ್ಕು ಬರುತ್ತದೆ. ಯಾರೋ ಬ್ಯಾಟರಿ ಆಸಿಡ್ ಹಾಕಿ ಅಂದರು. ಅದನ್ನು ಮಾತ್ರ ಮಾಡಬೇಡಿ, ಕೈ ಕಣ್ಣು ಎರಡಕ್ಕೂ ಅಪಾಯ.

ದೊಡ್ಡ ಸ್ಪ್ಯಾನರುಗಳಿಗೆ ಕರೆಂಟಿನ ಉಪಾಯ. ಪ್ಲಾಸ್ಟಿಕ್ ಬಕೆಟ್ಟಿನ ತುಂಬ ನೀರು, ಒಂದು ಹಿಡಿ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ಮೈನಸ್ ಕ್ಲಿಪ್ಪು ತುಕ್ಕು ಹಿಡಿದ ಸ್ಪ್ಯಾನರಿಗೆ, ಪ್ಲಸ್ ಕ್ಲಿಪ್ಪು ಒಂದು ಹಳೇ ಕಬ್ಬಿಣದ ಪಟ್ಟಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಪಟ್ಟಿ ಸ್ಟೇನ್‌ಲೆಸ್ ಸ್ಟೀಲ್ ಆಗಬಾರದು, ನೀರು ವಿಷವಾಗುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಹಾಗಾಗಿ ಬಯಲಲ್ಲೇ ಮಾಡಿ, ಹತ್ತಿರ ಬೀಡಿ ಹಚ್ಚಬೇಡಿ. ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ ತೆಗೆಯಿರಿ. ಐದಾರು ಗಂಟೆಗೆ ತುಕ್ಕೆಲ್ಲ ಕಪ್ಪು ಮಸಿಯಾಗಿ ಬ್ರಶ್ಶಿಗೆ ಬಂತು.

ಪೆಟ್ಟಿಗೆಯ ಮೈಗೆ ಎಮರಿ ಪೇಪರ್ ಹಾಕುವಾಗ ನೀರು ಚಿಮುಕಿಸಿಕೊಂಡೇ ಉಜ್ಜಿದೆವು. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಒಣ ಧೂಳು ಮೂಗಿಗೆ ಹೋಗಬಾರದು. ಹಸಿರು ಬಣ್ಣದ ಕೆಳಗೆ ನೀಲಿ ಇತ್ತು. ಮುಚ್ಚಳದ ಮೇಲೆ ವರ್ಷ ವರ್ಷದ ಆಯುಧಪೂಜೆಯ ಕುಂಕುಮ, ವಿಭೂತಿ, ಗ್ರೀಸ್ ಸೇರಿ ಗಟ್ಟಿ ಹೊಪ್ಪಳೆ ಕಟ್ಟಿತ್ತು. ಅದನ್ನು ಕೆರೆಯುವಾಗ ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಅದನ್ನೂ ತೆಗೀಬೇಕಾ?" ಅಂದಳು. "ಪೇಂಟ್ ಹಿಡಿಯಲ್ಲಮ್ಮ" ಅಂದೆವು. ರೆಡ್ ಆಕ್ಸೈಡ್ ಒಂದು ಕೋಟು, ಮೇಲೆ ಟ್ರ್ಯಾಕ್ಟರ್ ಕೆಂಪು ಎರಡು ಕೋಟು. ಅಲ್ಲಾಡುತ್ತಿದ್ದ ರಿವೆಟ್ ತೆಗೆದು ಬೋಲ್ಟು ಹಾಕಿದೆವು. ಕೆಳಗೆ ನಾಲ್ಕು ಚಕ್ರ ಬೆಸುಗೆ ಮಾಡಿದೆವು. ತಟ್ಟೆಗಳ ಅಡ್ಡಗೋಡೆ ಕಿತ್ತು ಫೋಮ್ ಶೀಟ್ ಹಾಸಿ, ಸ್ಪ್ಯಾನರ್ ಆಕಾರಕ್ಕೆ ಕತ್ತರಿಸಿ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಕೂರಿಸಿದೆವು. ಅಂಗಡಿಯ ಶೋಕೇಸ್ ಕಂಡಂತೆ ಕಾಣುತ್ತಿತ್ತು.

ಸ್ಪ್ಯಾನರುಗಳ ಹಿಡಿಯಂಚಿನಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಕಚ್ಚುಗಳಿದ್ದವು. ಸುತ್ತಿಗೆ ಏಟು ಬಿದ್ದು ಆಗಿರಬೇಕು ಅಂದುಕೊಂಡೆವು. ಗ್ರೈಂಡರಿಗೆ ಫ್ಲಾಪ್ ಡಿಸ್ಕ್ ಹಾಕಿ ಒಂದೊಂದನ್ನೇ ನುಣ್ಣಗೆ ಮಾಡಿದೆವು. ಮಿಲಿಮೀಟರಿನ ಹತ್ತು ಸ್ಪ್ಯಾನರಿನಲ್ಲಿ ಏಳು ಮುಗಿದಾಗ ಕರೆಂಟ್ ಹೋಯಿತು. ಮೂರು ಹಾಗೇ ಉಳಿದವು. ಇಂಚಿನವು ಈಗ ಯಾರಿಗೆ ಬೇಕು ಅಂತ ಗೊಬ್ಬರದ ಚೀಲಕ್ಕೆ ಸೇರಿಸಿ ಪಕ್ಕಕ್ಕಿಟ್ಟಿದ್ದೆವು.

ಹಬ್ಬದ ಹಿಂದಿನ ಸಂಜೆ ಅಪ್ಪನನ್ನು ಜಗಲಿಗೆ ಕರೆತಂದು ಪೆಟ್ಟಿಗೆ ಮುಂದಿಟ್ಟೆವು. ಬಣ್ಣದ ಮೇಲೆ ಅಂಗೈ ಆಡಿಸಿದ. ತಟ್ಟೆ ಎಳೆದ, ಸದ್ದಿಲ್ಲದೆ ಬಿಚ್ಚಿಕೊಂಡಿತು. "ಎಣ್ಣೆ ಬಿಟ್ಟಿದೀರ" ಅಂದ, ಖುಷಿಯಾಗಿದ್ದ. ಎಡಗಡೆ ಮೇಲಿನ ತಟ್ಟೆಗೆ ಕೈ ಹಾಕಿ ಒಂದು ಸ್ಪ್ಯಾನರ್ ತೆಗೆದ. ಹೆಬ್ಬೆರಳು ಅದರ ಅಂಚಿನುದ್ದಕ್ಕೂ ಹೋಯಿತು, ವಾಪಸ್ ಬಂತು. ಇನ್ನೊಂದು ತೆಗೆದ. ಮತ್ತೊಂದು. ಆಮೇಲೆ ಕೇಳಿದ:

"ಹೊಸ ಸೆಟ್ಟಾ? ನಮ್ಮವು ಎಲ್ಲೋದ್ವು?"

"ಇವು ನಿನ್ನವೇ ಕಣಪ್ಪ" ಅಂದೆವು.

ಅಪ್ಪ ಏನೂ ಅನ್ನಲಿಲ್ಲ. ಕೈಯಲ್ಲಿದ್ದುದನ್ನು ಫೋಮಿನ ಗೂಡಿಗೆ ಇಡಲು ನೋಡಿದ, ಅದು ಕೂರಲಿಲ್ಲ. ಪಕ್ಕದಲ್ಲಿ ನೆಲದ ಮೇಲಿಟ್ಟು ಎದ್ದು ಒಳಗೆ ಹೋದ.

ಅಡುಗೆಮನೆಯಲ್ಲಿ ಅಮ್ಮ ಹೇಳಿದಳು. "ನಿಮ್ಮಪ್ಪಂಗೆ ನಂಬರ್ ಕಾಣದೆ ಆರು ವರ್ಷ ಆತು. ಯಾರಿಗೂ ಹೇಳ್ಬೇಡ ಅಂದಿದ್ರು. ಗೊತ್ತಾದ್ರೆ ಕೆಲಸ ಕೊಡಾಕಿಲ್ಲ ಅಂತ. ರಾತ್ರಿ ನಾನು ನಂಬರ್ ಓದಿ ಹೇಳೋಳು, ಅವ್ರು ಅರ ತಗೊಂಡು ಗೆರೆ ಹಾಕೋರು."

ಕಡೆಯ ನಾಲ್ಕು ವರ್ಷ ಅಪ್ಪ ಇಡೀ ಕೆಲಸ ಮಾಡಿದ್ದು ಬೆರಳಲ್ಲಿ. ನಾವಿಬ್ಬರೂ ಅದೇ ಮನೆಯಲ್ಲಿದ್ದೆವು. ಒಬ್ಬರಂತೂ ಊರೂರು ತಿರುಗಿ ಜನರನ್ನು ಪ್ರಶ್ನೆ ಕೇಳುವುದನ್ನೇ ಓದಿ ಬಂದವರು. "ಈ ಕಚ್ಚು ಯಾಕೆ?" ಅಂತ ಕೊಟ್ಟಿಗೆಯಿಂದ ಜಗಲಿಗೆ ಕೂಗಿ ಕೇಳಿದ್ದರೆ ಸಾಕಿತ್ತು. ಹಬ್ಬದ ದಿನ ಪೆಟ್ಟಿಗೆಗೆ ಪೂಜೆ ಆಯಿತು. ಅಪ್ಪ ಮಂಗಳಾರತಿ ತೆಗೆದುಕೊಂಡ, ಪೆಟ್ಟಿಗೆ ಮುಟ್ಟಲಿಲ್ಲ.

ಗ್ರೈಂಡರಿಗೆ ಸಿಗದೆ ಉಳಿದ ಮೂರು, ಚೀಲದಲ್ಲಿದ್ದ ಇಂಚಿನವು, ಅಮ್ಮನ ನೆನಪು, ಇವಿಷ್ಟನ್ನು ಇಟ್ಟುಕೊಂಡು ಲೆಕ್ಕ ಬಿಡಿಸಲು ಕೂತೆವು. ಅಮ್ಮನಿಗೆ ಎಲ್ಲ ನೆನಪಿತ್ತು. 10-11ಕ್ಕೆ ಒಂದು ಗೆರೆ, 12-13ಕ್ಕೆ ಎರಡು, 14-15ಕ್ಕೆ ಮೂರು, 16-17ಕ್ಕೆ ನಾಲ್ಕು. ನಾಲ್ಕಕ್ಕಿಂತ ಜಾಸ್ತಿಯಾದರೆ ಬೆರಳು ಎಣಿಸುತ್ತಾ ಕೂರಬೇಕು, ಅದಕ್ಕೇ 18-19ಕ್ಕೆ ತಾಮ್ರದ ತಂತಿ ಸುತ್ತಿದ್ದ. ಆ ತಂತಿಯನ್ನು ನಾವು ಕಸ ಅಂತ ಬಿಚ್ಚಿ ಎಸೆದಿದ್ದೆವು. ಮಿಲಿಮೀಟರಿಗೆ ಗೆರೆ ಅಂಚಿನಲ್ಲಿ, ಇಂಚಿಗೆ ಬೆನ್ನಿನ ಮೇಲೆ. ಜೋಡಿಸುವುದೂ ಸಣ್ಣದರಿಂದ ದೊಡ್ಡದಕ್ಕಲ್ಲ. ಹೆಚ್ಚು ಬೇಕಾಗುವವು ಎಡಗಡೆ ಮೇಲೆ, ಸುತ್ತಿಗೆ ಉಳಿ ತಳದಲ್ಲಿ, ಫೀಲರ್ ಗೇಜ್ ಬಲಗಡೆ ಬಟ್ಟೆಯೊಳಗೆ.

ಫೋಮ್ ಕಿತ್ತೆವು. ಅಡ್ಡಗೋಡೆ ಮತ್ತೆ ಬೆಸುಗೆ ಮಾಡಿದೆವು. ತಟ್ಟೆಗೆ ಹಳೇ ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಹಾಸಿದೆವು, ಪ್ರತಿ ಗೂಡಿನ ಅಂಚಿಗೂ ಒಳಗಿರುವ ಸ್ಪ್ಯಾನರಿನಷ್ಟೇ ಗೆರೆ ಹಾಕಿದೆವು. ಇದು ನಮ್ಮ ಸ್ವಂತ ಸೇರ್ಪಡೆ, ಅಪ್ಪನಲ್ಲಿ ಕೇಳಿಯೇ ಮಾಡಿದ್ದು. ಚಕ್ರ ಬೇಡ ಅಂದ. "ಕೈ ಇಟ್ಟಾಗ ಪೆಟ್ಟಿಗೆ ಓಡೋಗ್ಬಾರ್ದು ಕಣೋ." ಅದನ್ನೂ ಕತ್ತರಿಸಿದೆವು. ಕೆಂಪು ಬಣ್ಣಕ್ಕೆ ತಕರಾರಿಲ್ಲ, ಬಣ್ಣ ಮಬ್ಬಾಗಿ ಕಾಣುತ್ತದಂತೆ.

ಗೆರೆ ಹಾಕಲು ಮಾತ್ರ ನಮಗೆ ಬಿಡಲಿಲ್ಲ. ಮೂರು ಮೂಲೆಯ ಅರ ಕೇಳಿದ. ಸ್ಪ್ಯಾನರ್ ವೈಸಿಗೆ ಕಟ್ಟಿ ಕೊಟ್ಟೆವು. ಅಮ್ಮ ನಂಬರ್ ಓದಿದಳು. ಉಗುರಲ್ಲಿ ಜಾಗ ಗುರುತಿಸಿಕೊಂಡು, ಆಳ ಹೋಗದ ಹಾಗೆ, ಒಂದೊಂದು ಗೆರೆಗೆ ಎಂಟು ಹತ್ತು ಸಲ ಅರ ಆಡಿಸಿದ. ಏಳು ಸ್ಪ್ಯಾನರಿಗೆ ಎರಡು ಮಧ್ಯಾಹ್ನ ಹಿಡಿಯಿತು. ಮುಗಿದ ಮೇಲೆ "ಕರ್ಪೂರ ಎಲ್ಲಿ?" ಅಂದ. ತುಕ್ಕು ಬರದಿರಲಿ ಅಂತ ತಳದಲ್ಲಿ ಸದಾ ಒಂದು ಪೊಟ್ಟಣ ಇಡುತ್ತಿದ್ದ. ಅಮ್ಮ ದೇವರ ಗೂಡಿನಿಂದ ತಂದುಕೊಟ್ಟಳು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಪಕ್ಕದ ತೋಟದವರು ಟಿಲ್ಲರ್ ತಳ್ಳಿಕೊಂಡು ಬಂದರು. ಡೀಸೆಲ್ ಖಾಲಿ ಮಾಡಿ ಗಾಳಿ ಹಿಡಿಸಿದ್ದರು. ನಮ್ಮಲ್ಲಿ ವೆಲ್ಡಿಂಗ್ ಮಾಡುವವರು ಮನೆಯಲ್ಲಿದ್ದರು ಅಂತ ಬಂದಿದ್ದು. ಅಪ್ಪ ಜಗಲಿಯಲ್ಲೇ ಕೂತು ತಟ್ಟೆ ಎಳೆದು, ಹೆಬ್ಬೆರಳು ಒಂದು ಸಲ ಆಡಿಸಿ, 16-17 ತೆಗೆದು ಚಾಚಿದ. "ಮೊದ್ಲು ಕೆಳಗಿಂದು ಬಿಡು. ಆಮೇಲೆ ಇಂಜೆಕ್ಟರ್ ಪೈಪಿಂದು." ಹ್ಯಾಂಡಲ್ ಹಾಕಿ ತಿರುಗಿಸಿದಾಗ ಗುಳ್ಳೆ ಗುಳ್ಳೆಯಾಗಿ ಡೀಸೆಲ್ ಬಂತು. ನಟ್ಟು ಬಿಗಿಯಲು ಹೋದರೆ "ತಡಿ, ಇನ್ನೂ ಗಾಳಿ ಐತೆ, ಸದ್ದು ಕೇಳ್ತಿಲ್ವಾ?" ಅಂದ. ನಮಗೆ ಕೇಳಿಸಲಿಲ್ಲ. ಇನ್ನೊಂದು ನಾಲ್ಕು ಸುತ್ತಿಗೆ ಗುಳ್ಳೆ ನಿಂತಿತು. ಟಿಲ್ಲರ್ ಶುರುವಾಯಿತು.

"ಎಷ್ಟು ಕೊಡ್ಲಿ ಇಂಜಿನ್ನಯ್ಯ?" ಅಂತ ಅವರು ಅಪ್ಪನನ್ನೇ ಕೇಳಿದರು.

"ಐವತ್ತು ಕೊಡಿ."

ಅವರು ನೂರರ ನೋಟು ಕೊಟ್ಟು ಇರಲಿ ಬಿಡಿ ಅಂದರು. ಅಪ್ಪ ಒಪ್ಪಲಿಲ್ಲ. ಅಮ್ಮ ಚಿಲ್ಲರೆ ಹುಡುಕಲು ಒಳಗೆ ಹೋದಳು.