ತೇಲುವ ಬೆಟ್ಟಕ್ಕೆ ನೀರೆಲ್ಲಿಂದ?

2009ರ ಕೊನೆಯಲ್ಲಿ 'ಅವತಾರ್' ಬಂದಾಗ ನಮ್ಮ ಟೀಮಿನವರೆಲ್ಲ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದಕ್ಕೆ ಹೋಗಿದ್ದೆವು. ತ್ರೀಡಿ ಕನ್ನಡಕ ಹಾಕಿಕೊಂಡು ಕೂತರೆ ಆಕಾಶದಲ್ಲಿ ಬೆಟ್ಟಗಳು ತೇಲುತ್ತಿವೆ, ಅವುಗಳ ಅಂಚಿನಿಂದ ಜಲಪಾತ ಬೀಳುತ್ತಿದೆ. ಪಕ್ಕದಲ್ಲಿದ್ದವನು 'ಏನ್ ರೆಂಡರಿಂಗ್ ಮಗಾ!' ಅಂದ. ನಾನೂ ಹೌದೌದು ಅಂದೆ. ಆಚೆ ಬಂದ ಮೇಲೆ ಯಾಕೋ ಬೇಜಾರಾಯ್ತು. ಅಷ್ಟು ಹೊತ್ತು ಬೇರೊಂದು ಲೋಕದಲ್ಲಿದ್ದು ಬಂದವನ ತಲೆಯಲ್ಲಿ ಉಳಿದದ್ದು ಅದನ್ನು ಹೇಗೆ ಮಾಡಿರಬಹುದು ಅನ್ನುವ ಲೆಕ್ಕ ಮಾತ್ರ.

ಚಿಕ್ಕವನಿದ್ದಾಗ ನಾನು ಹೀಗಿರಲಿಲ್ಲ. ನಮ್ಮೂರು ಇರೋದು ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಕಪಿಲೆಗೆ ಬಿಟ್ಟ ಹೂವು ನರಸೀಪುರದ ಸಂಗಮದಲ್ಲಿ ಕಾವೇರಿ ಸೇರಿ, ಅಲ್ಲಿಂದ ತಲಕಾಡಿನ ಕಡೆ ಹೋಗಿ ಅಲಮೇಲಮ್ಮನ ಮುಡಿಗೇರುತ್ತೆ ಅಂತ ನಂಬಿದ್ದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಗೆದ್ದ ಮೇಲೆ, ತಲಕಾಡು ಮರಳಲ್ಲಿ ಮುಚ್ಚಿಹೋಗಲಿ ಅಂತ ಶಾಪ ಹಾಕಿ, ಒಡವೆ ಗಂಟಿನ ಸಮೇತ ಮಾಲಂಗಿಯ ಮಡುವಿಗೆ ಹಾರಿದಳಂತಲ್ಲ, ಆ ಅಲಮೇಲಮ್ಮ. ಅಜ್ಜಿ ಹೇಳಿದ ಕಥೆ. ಚಿತ್ರಪಟ ಯಾವುದೂ ಇರಲಿಲ್ಲವಾದ್ದರಿಂದ ಅವಳಿಗೆ ನಮ್ಮ ಎದುರುಮನೆ ಅತ್ತೆಯ ಮುಖ ಕೊಟ್ಟಿದ್ದೆ. ಒಮ್ಮೆ ತಲಕಾಡಿಗೆ ಹೋದಾಗ ಒಂದು ಹಿಡಿ ಮರಳನ್ನು ಚಡ್ಡಿ ಜೇಬಿಗೆ ಹಾಕಿಕೊಂಡು ಬಂದೆ. ರಾತ್ರಿ ನೆನಪಾಯ್ತು: ಇದು ಶಾಪದ ಮರಳು! ಕೊಟ್ಟಿಗೆ ಹಿಂದೆ ಸುರಿದು ಬಂದು, ಬೆಳಗಾಗೋದರೊಳಗೆ ಮನೆ ಮುಳುಗುತ್ತೆ ಅಂತ ಕಣ್ಣು ಬಿಟ್ಟುಕೊಂಡೇ ಮಲಗಿದ್ದೆ.

ಆಮೇಲೆ ಓದು. ನದಿ ಅಲ್ಲಿ ತಿರುಗುತ್ತೆ, ನೀರು ಇಳಿದಾಗ ಒಣಗಿದ ಮರಳನ್ನು ಗಾಳಿ ಹೊತ್ತು ತರುತ್ತೆ ಅಂತ ಗೊತ್ತಾಯ್ತು. 2001ರಲ್ಲಿ ಬಿ.ಇ. ಓದುವಾಗ ಹ್ಯಾರಿ ಪಾಟರ್ ಮೊದಲ ಸಿನಿಮಾ, ಬೆನ್ನಿಗೇ 'ಲಾರ್ಡ್ ಆಫ್ ದಿ ರಿಂಗ್ಸ್' ಬಂದವು. ಹುಚ್ಚು ಹಿಡಿದವನಂತೆ ನೋಡಿದೆ. ಅಂದಿನಿಂದ ಯಾವ ಕಥೆಯ ಋಷಿ ಬಂದರೂ ಗ್ಯಾಂಡಾಲ್ಫನ ಗಡ್ಡದಲ್ಲೇ ಬರುತ್ತಾನೆ. ಅಲಮೇಲಮ್ಮನೂ ಈಗ ಎದುರುಮನೆ ಅತ್ತೆಯಲ್ಲ. ನೀಲಿ ಬೆಳಕಲ್ಲಿ, ಸ್ಲೋಮೋಷನ್ನಿನಲ್ಲಿ, ಹಿನ್ನೆಲೆ ಸಂಗೀತದ ಜೊತೆ ಮಡುವಿಗೆ ಬೀಳುತ್ತಾಳೆ. ಪಾಪ, ಸಿನಿಮಾದವರನ್ನು ಬೈದು ಏನು ಪ್ರಯೋಜನ? ಅವರು ಕನಸು ಕಂಡರು, ನಾನು ಟಿಕೆಟ್ ತಗೊಂಡು ಕೂತೆ.

ಅವತಾರ್ ನೋಡಿದ ವಾರವೇ ಊರಿಗೆ ಹೋಗಿದ್ದೆ. ಅಜ್ಜಿಗೆ ಆಗಲೇ ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕು. ಜಗಲಿ ಮೇಲೆ ಕೂತು 'ಯಾವ ಸಿನ್ಮಾ ನೋಡ್ದ ಮಗ?' ಅಂತ ಕೇಳಿತು. ತೇಲುವ ಬೆಟ್ಟ, ಅದರಿಂದ ಬೀಳುವ ನೀರು ಎಲ್ಲ ಹೇಳಿದೆ.

'ಬೆಟ್ಟ ಮೇಲದ ಅಂತೀಯ. ಅಷ್ಟು ಮೇಲ್ಕ ನೀರು ಎಲ್ಲಿಂದ ಬತ್ತದ?'

'ಅದು ಗ್ರಾಫಿಕ್ಸ್ ಅಜ್ಜಿ.'

'ಅಂಗಂದ್ರ?'

'ಕಂಪ್ಯೂಟರ್‌ನಲ್ಲಿ ಮಾಡಿರೋದು. ಎಲ್ಲ ಸುಳ್ಳು.'

'ಸುಳ್ಳು ಅಂತ ನಂಗೂ ಗೊತ್ತು ಕನ. ನೀರು ಎಲ್ಲಿಂದ ಬತ್ತದ, ಅದ ಯೋಳು.'

ಸಾವಿರಾರು ಜನರ ಜೊತೆ ಕೂತು ಆ ಬೆಟ್ಟ ನೋಡಿದ್ದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಕಣ್ಣು ಕಾಣದ ಅಜ್ಜಿ ಜಗಲಿಯಿಂದಲೇ ಬೆಟ್ಟ ಹತ್ತಿ ಹುಡುಕಾಡುತ್ತಿತ್ತು.

ರಾತ್ರಿ ಮಲಗಿ ಯೋಚಿಸಿದೆ. ಕಣ್ಣು ಮುಚ್ಚಿದರೆ ಸಿನಿಮಾದ ದೃಶ್ಯವೇ ಬರುತ್ತಿತ್ತು, ಅದರಾಚೆ ಏನೂ ಇಲ್ಲ. ಬೆಳಿಗ್ಗೆ ಕಾಫಿ ಲೋಟ ಅಜ್ಜಿ ಕೈಗಿಟ್ಟು, 'ಬೆಟ್ಟದ ಮೇಲೊಂದು ಕೆರೆ ಇರಬೇಕು ಅಜ್ಜಿ' ಅಂದೆ.

ಅಜ್ಜಿ ಒಂದು ಗುಟುಕು ಕುಡಿದು ಕೇಳಿತು: 'ಸರಿ. ಆ ಕೆರೆ ಕೋಡಿ ಬಿದ್ರ ನೀರು ಯಾರ ಊರ್ಗ ಹೋದದು?'

ಬಸ್ಸಿಗೆ ಇನ್ನೂ ಟೈಮಿತ್ತು. ಅಜ್ಜಿ ಪಕ್ಕ ಕೂತುಕೊಂಡೆ.