ಸನ್ಮಾನ ಸಿಕ್ಕಿತು, ಮಹಿಷಾಸುರ ಸಿಗಲಿಲ್ಲ

ಕರಾವಳಿಯಲ್ಲಿ ಯಕ್ಷಗಾನದ ವಿಡಿಯೊ ಮಾಡುವವರಿಗೆ ‘ದೇವಿ ಮಹಾತ್ಮೆ’ಯಷ್ಟು ತಲೆಬಿಸಿಯ ಪ್ರಸಂಗ ಇನ್ನೊಂದಿಲ್ಲ. ತೆಂಕುತಿಟ್ಟಿನ ಮಹಿಷಾಸುರ ಚೌಕಿಯಿಂದ ಸೀದಾ ರಂಗಸ್ಥಳಕ್ಕೆ ಬರುವವನಲ್ಲ. ಪ್ರೇಕ್ಷಕರ ಹಿಂದಿನಿಂದ, ದೊಂದಿಗಳ ನಡುವೆ, ರಾಳದ ಬೆಂಕಿ ಹಾರಿಸುತ್ತ, ಜನರನ್ನು ಸೀಳಿಕೊಂಡು ಬರುತ್ತಾನೆ. ರಂಗಸ್ಥಳಕ್ಕೆ ಮುಖ ಮಾಡಿದ ಕ್ಯಾಮೆರಾದಲ್ಲಿ ಆಗ ಸಿಗುವುದು ಹಿಂದೆ ತಿರುಗಿ ನೋಡುವ ತಲೆಗಳು ಮಾತ್ರ. ಆ ಪ್ರವೇಶಕ್ಕಾಗಿಯೇ ನಾನು ಎರಡನೆಯ ಕ್ಯಾಮೆರಾ ಕೊಂಡದ್ದು.

ಕೊಳ್ಳುವಾಗ ಜೂಮ್ ಎಷ್ಟು, ಕತ್ತಲಲ್ಲಿ ಹೇಗೆ ಕಾಣುತ್ತದೆ ಎಂದೆಲ್ಲ ಗಂಟೆಗಟ್ಟಲೆ ವಿಚಾರಿಸಿದೆ. ರಿಮೋಟ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡೂ ಒಂದೇ ಕಂಪೆನಿಯ ಹ್ಯಾಂಡಿಕ್ಯಾಮ್. ಒಂದರ ಡಬ್ಬಿಯಲ್ಲಿ ಬಂದ ಇನ್‌ಫ್ರಾರೆಡ್ ರಿಮೋಟ್ ಇನ್ನೊಂದಕ್ಕೂ ಆಗುತ್ತಿತ್ತು. ಮನೆಯ ಚಾವಡಿಯಲ್ಲಿಟ್ಟು ಒತ್ತಿದೆ, ಎರಡೂ ಒಟ್ಟಿಗೆ ರೆಕಾರ್ಡಿಂಗ್ ಶುರು ಮಾಡಿದವು. ಇನ್ನು ಸಹಾಯಕ ಬೇಡ, ಅವನ ಸಂಬಳವೂ ಉಳಿಯಿತು ಎಂದು ಲೆಕ್ಕ ಹಾಕಿದೆ.

ಅಂಥ ರಿಮೋಟಿನಲ್ಲಿ ‘ಶುರು ಮಾಡು’ ಎನ್ನಲು ಒಂದು ಗುಂಡಿ, ‘ನಿಲ್ಲಿಸು’ ಎನ್ನಲು ಇನ್ನೊಂದು ಇರುವುದಿಲ್ಲ. ಇರುವುದು ಒಂದೇ ಗುಂಡಿ, ಅದು ಹೇಳುವುದು ‘ಈಗಿರುವುದನ್ನು ಬದಲಿಸು’ ಎಂದಷ್ಟೆ. ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ ಹಾಕಿರುತ್ತಾರಲ್ಲ, ಹಾಗೆ: ದೀಪವನ್ನೇ ನೋಡದೆ ಉರಿಯುತ್ತಿದೆಯೋ ಆರಿದೆಯೋ ತಿಳಿಯದು. ಒಂದು ಕ್ಯಾಮೆರಾ ಒಂದೇ ಒಂದು ಸಲ ಸಂಕೇತ ತಪ್ಪಿಸಿಕೊಂಡರೆ ಸಾಕು, ಅಲ್ಲಿಂದ ಮುಂದೆ ಒಂದು ಓಡುವಾಗ ಇನ್ನೊಂದು ನಿಂತಿರುತ್ತದೆ.

ಅದೊಂದು ಹರಕೆ ಆಟ. ಒಂದು ಕ್ಯಾಮೆರಾ ನನ್ನ ಮುಂದೆ, ಇನ್ನೊಂದು ಪಕ್ಕದ ಎತ್ತರದ ಸ್ಟ್ಯಾಂಡಿನ ಮೇಲೆ, ಮಹಿಷಾಸುರ ಬರುವ ದಾರಿಗೆ ಮುಖಮಾಡಿ. ಕೈಗೆಟುಕದ ಎತ್ತರ, ಹಾಗಾಗಿ ರಿಮೋಟೇ ಗತಿ. ರಾತ್ರಿಯಿಡೀ ಬಿಡದೆ ಓಡಿಸುವಷ್ಟು ಕಾರ್ಡ್ ನನ್ನಲ್ಲಿರಲಿಲ್ಲ. ಸೆಕೆಂಡಿಗೆ 24 ಮೆಗಾಬಿಟ್‌ನಂತೆ ಗಂಟೆಗೆ ಸುಮಾರು 11 ಜಿಬಿ ಬೇಕು, ಎಂಟು ಗಂಟೆಯ ಆಟಕ್ಕೆ 64 ಜಿಬಿಯ ಕಾರ್ಡ್ ಎಲ್ಲಿಗೆ ಸಾಕು? ನಡುವೆ ಸನ್ಮಾನ ಶುರುವಾದಾಗ ಇದನ್ನು ಹಿಡಿಯುವುದು ಯಾಕೆ ಎಂದು ಗುಂಡಿ ಒತ್ತಿದೆ. ಅಷ್ಟರಲ್ಲಿ ಜನ ಚಹಾಕ್ಕೆಂದು ಎದ್ದಿದ್ದರು. ಯಾರದೋ ಬೆನ್ನು ರಿಮೋಟಿಗೂ ಸ್ಟ್ಯಾಂಡಿಗೂ ನಡುವೆ ಬಂದಿರಬೇಕು. ನನ್ನೆದುರಿನದು ನಿಂತಿತು, ಮೇಲಿನದು ಓಡುತ್ತಲೇ ಇತ್ತು. ಸನ್ಮಾನ ಮುಗಿದು ಚೆಂಡೆ ಏರಿತು, ಜನ ಕುಳಿತರು, ಮತ್ತೆ ಒತ್ತಿದೆ. ಈ ಸಲ ಎರಡಕ್ಕೂ ತಲುಪಿತು. ನನ್ನದು ಶುರುವಾಯಿತು, ಮೇಲಿನದು ನಿಂತಿತು.

ಕ್ಯಾಮೆರಾದ ಮುಂಭಾಗದಲ್ಲಿ ರೆಕಾರ್ಡಿಂಗ್ ತಿಳಿಸುವ ಕೆಂಪು ದೀಪವೊಂದಿತ್ತು. ಕತ್ತಲಲ್ಲಿ ಜನ ಅದನ್ನೇ ನೋಡುತ್ತಾರೆಂದು ಮೆನುವಿಗೆ ಹೋಗಿ ಅದನ್ನು ಆರಿಸಿದ ಮಹಾನುಭಾವ ನಾನೇ.

ಮನೆಗೆ ಬಂದು ನೋಡಿದರೆ ಆ ಕ್ಯಾಮೆರಾದಲ್ಲಿ ಶಾಲು, ಹಾರ, ಫಲವಸ್ತು, ಭಾಷಣ ಒಂದೂ ಬಿಟ್ಟುಹೋಗಿರಲಿಲ್ಲ. ಅದೂ ಮೈಕಿನ ಸದ್ದು ಮಾತ್ರ. ಚಿತ್ರದಲ್ಲಿ ಖಾಲಿ ಕುರ್ಚಿಗಳು, ಚಹಾದ ಲೋಟ ಹಿಡಿದವರು. ದೊಂದಿ ಹೊತ್ತಿಸುವವರು ಆ ಚೌಕಟ್ಟಿನ ಅಂಚಿನಲ್ಲಿ ಸೇರುತ್ತಿದ್ದಂತೆ ಚಿತ್ರ ಮುಗಿಯುತ್ತದೆ. ಹರಕೆ ಹೊತ್ತ ಮನೆಯ ಯಜಮಾನರು ಪೆನ್‌ಡ್ರೈವ್ ನೋಡಿ ಫೋನ್ ಮಾಡಿದರು. “ಮಹಿಷಾಸುರ ಬಂದದ್ದು ಎಲ್ಲಿ ಉಂಟು ಮಾರಾಯ್ರೆ?” ಬೈದಿದ್ದರೆ ಸಲೀಸಾಗುತ್ತಿತ್ತು. ಅವರು ನಿಜಕ್ಕೂ ಹುಡುಕುತ್ತಿದ್ದರು.

ಅದೇ ಆಟದಲ್ಲಿ ಭಾಗವತರಿಗೆಂದು ಇಟ್ಟಿದ್ದ ಮೂರನೆಯ ಕ್ಯಾಮೆರಾ ನೆಂಟರು ಅಮೆರಿಕದಿಂದ ತಂದ ಮಿರರ್‌ಲೆಸ್. ಅದರ ಕಥೆ ಚಿಕ್ಕದು: 29 ನಿಮಿಷ 59 ಸೆಕೆಂಡಿಗೆ ತಾನೇ ನಿಲ್ಲುತ್ತಿತ್ತು. ಅರ್ಧ ಗಂಟೆ ಓಡುವ ಸ್ಟಿಲ್ ಕ್ಯಾಮೆರಾವನ್ನು ಯುರೋಪಿನ ಸುಂಕದವರು ವಿಡಿಯೊ ಕ್ಯಾಮೆರಾ ಎಂದು ಎಣಿಸುತ್ತಿದ್ದರಿಂದ ಕಂಪೆನಿಗಳು ಹಾಕಿಕೊಂಡಿದ್ದ ಮಿತಿ ಅದು. ಯುರೋಪಿನ ಸುಂಕಕ್ಕೆ ನಮ್ಮ ಭಾಗವತರ ಪದ್ಯ ತುಂಡಾಯಿತು! ಜೊತೆಗೆ ಅದು ಸೆಕೆಂಡಿಗೆ 30 ಫ್ರೇಮಿನದು, ಉಳಿದೆರಡು 25ರವು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣಮಿಣ ಎಂದಿತು. ವೈಟ್ ಬ್ಯಾಲೆನ್ಸ್ ಅನ್ನು ಆಟೊದಲ್ಲಿ ಬಿಟ್ಟಿದ್ದರಿಂದ ದೇವಿಯ ಸೀರೆ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಕೇಸರಿ.

ಈಗ ಕೊಳ್ಳುವಾಗ ನನ್ನ ಮೊದಲ ಪ್ರಶ್ನೆ, ಈ ಕ್ಯಾಮೆರಾ ತಿರುಗಿ ಉತ್ತರ ಕೊಡುತ್ತದೆಯೇ ಎಂಬುದು. ಸೋನಿಯವರು ತಂದ, ಕ್ಯಾನನ್‌ನವರೂ ಬಳಸಿದ ಲ್ಯಾಂಕ್ ಎಂಬ ತಂತಿಯ ವ್ಯವಸ್ಥೆಯಿದೆ. ಅದರಲ್ಲೂ ರೆಕಾರ್ಡಿಂಗಿಗೆ ಒಂದೇ ಗುಂಡಿ. ಆದರೆ ಅದೇ ತಂತಿಯಲ್ಲಿ ಕ್ಯಾಮೆರಾ ತನ್ನ ಸ್ಥಿತಿಯನ್ನು ಸೆಕೆಂಡಿಗೆ 50 ಬಾರಿ ಹೇಳುತ್ತಿರುತ್ತದೆ. ಒಳ್ಳೆಯ ರಿಮೋಟಿನಲ್ಲಿ ಅದು ದೀಪವಾಗಿ ಕಾಣುತ್ತದೆ. ಪ್ಯಾನಾಸೋನಿಕ್ ಕ್ಯಾಮೆರಾಗಳಲ್ಲೂ ಅಂಥದೇ 2.5 ಮಿ.ಮೀ. ತೂತು ಇರುತ್ತದೆ, ಪಿನ್ನು ಕೂರುತ್ತದೆ, ಲ್ಯಾಂಕ್ ಮಾತ್ರ ನಡೆಯುವುದಿಲ್ಲ. ಅಂಗಡಿಯಲ್ಲಿ ‘ಕೂರುತ್ತದೆ ಸರ್’ ಎಂದರೆ ನಂಬಬೇಡಿ.

ಸಭಾಭವನಗಳಲ್ಲಿ ಈಗ ದೂರದಿಂದಲೇ ತಿರುಗಿಸುವ ಪಿಟಿಜೆಡ್ ಕ್ಯಾಮೆರಾಗಳು ಬಂದಿವೆ. ಅವುಗಳ ವಿಸ್ಕಾ ವ್ಯವಸ್ಥೆಯಲ್ಲಿ ಒಂದೇ ತಂತಿಯ ಸರಣಿಗೆ ಏಳು ಕ್ಯಾಮೆರಾ ಜೋಡಿಸಬಹುದು, ಪ್ರತಿಯೊಂದಕ್ಕೂ ಬೇರೆ ನಂಬರು, ಕೇಳಿದರೆ ಉತ್ತರವೂ ಬರುತ್ತದೆ. ಭಾಷಣಕ್ಕೆ, ಮದುವೆಗೆ ಅದು ಚೆನ್ನ. ಕುಣಿಯುತ್ತ ನುಗ್ಗುವ ಬಣ್ಣದ ವೇಷವನ್ನು ಜಾಯ್‌ಸ್ಟಿಕ್ಕಿನಿಂದ ಹಿಂಬಾಲಿಸುವುದು ನನ್ನ ಕೈಗಂತೂ ಸಾಧ್ಯವಿಲ್ಲ. ಅಲ್ಲಿ ಪ್ರಸಂಗ ಬಲ್ಲ ಹುಡುಗನೊಬ್ಬ ಸ್ಟ್ಯಾಂಡಿನ ಹಿಂದೆ ಬೇಕು. ಅವನಿಗೆ ಸಂಬಳ ಕೊಡುತ್ತಿದ್ದೇನೆ. ವೈಫೈ ರಿಮೋಟನ್ನೂ ಬಯಲಾಟಕ್ಕೆ ಒಯ್ಯುವುದಿಲ್ಲ. ನೂರಾರು ಫೋನುಗಳ ನಡುವೆ ಅದರ ಸಂಕೇತ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಕ್ಯಾಮೆರಾಗಳು ಈಗ ಒಂದೇ ಮಾದರಿಯವು, ಎಲ್ಲ 25 ಫ್ರೇಮಿಗೆ, ಶಟರ್ 1/50ಕ್ಕೆ. ಕಾರ್ಡ್ ಬದಲಿಸುವುದನ್ನು ಬಿಟ್ಟರೆ ನಡುವೆ ನಿಲ್ಲಿಸುವುದೇ ಇಲ್ಲ, ಸನ್ಮಾನವಾದರೂ ಸರಿ. ಹೊಸ ರಿಮೋಟ್ ಕೊಳ್ಳುವಾಗ ಕ್ಯಾಮೆರಾಗಳನ್ನೇ ಹೊತ್ತುಕೊಂಡು ಅಂಗಡಿಗೆ ಹೋಗುತ್ತೇನೆ. ಎರಡನ್ನೂ ಓಡಿಸಿ, ಒಂದನ್ನು ಕೈಯಿಂದ ನಿಲ್ಲಿಸಿ, ಬೆನ್ನು ತಿರುಗಿಸಿ ನಿಂತು, ಯಾವುದು ನಿಂತಿದೆಯೆಂದು ಕೈಯಲ್ಲಿರುವ ರಿಮೋಟ್ ತೋರಿಸುತ್ತದೆಯೋ ನೋಡುತ್ತೇನೆ. ಅಂಗಡಿಯವರಿಗೆ ಕಿರಿಕಿರಿ ಆಗುತ್ತದೆ. ದುಡ್ಡು ಕೊಡುವುದು ಅದು ಮುಗಿದ ಮೇಲೆ.