ಗುಲಗಂಜಿ ತೂಕ

ನಮ್ಮೂರು ನಂಜನಗೂಡು ಎಂದರೆ ಮೊದಲೆಲ್ಲ ಜನ ರಸಬಾಳೆ ಕೇಳುತ್ತಿದ್ದರು. ಸ್ವಲ್ಪ ವಯಸ್ಸಾದವರಾದರೆ ಹಲ್ಲುಪುಡಿ ನೆನೆಯುತ್ತಿದ್ದರು. ಹಲ್ಲಿಗಿಂತ ಹೆಚ್ಚಾಗಿ ಅದು ಅವರ ಹೊಟ್ಟೆಗೇ ಹೋಗಿರುತ್ತಿತ್ತು. 2020ರಿಂದೀಚೆಗೆ ಬೆಂಗಳೂರಿನಲ್ಲಿ ಯಾರಿಗೆ ಊರ ಹೆಸರು ಹೇಳಿದರೂ ಒಂದೇ ಮಾತು: ‘ಓ, ಆ ಕೊರೊನಾ ಫ್ಯಾಕ್ಟರಿ ಊರಾ?’ ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿ ಹಕೀಂ ನಂಜುಂಡ ಅನ್ನಿಸಿಕೊಂಡ ದೇವರ ಊರು. ಕಾಯಿಲೆಯವರು ಬಂದು ಉರುಳುಸೇವೆ ಮಾಡಿ ಹೋಗುವ ಜಾಗ. ಅದನ್ನೇ ಕಾಯಿಲೆಯ ವಿಳಾಸ ಮಾಡಿಬಿಟ್ಟರಲ್ಲ ಎಂದು ನನಗೆ ಈಗಲೂ ಮೈ ಉರಿಯುತ್ತದೆ.

ಆ ಉರಿಯನ್ನು ತೋಡಿಕೊಳ್ಳಲು ತಕ್ಕ ಮನುಷ್ಯ ತಿರುಮಕೂಡಲು ನರಸೀಪುರದಲ್ಲಿದ್ದಾರೆ ಎಂದು ಹೋದ ತಿಂಗಳು ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಕಪಿಲೆಯೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತಾಳೆ. 2020ರ ಮಾರ್ಚ್ ಕೊನೆಯಲ್ಲಿ ಈ ರಸ್ತೆಯಲ್ಲಿ ಅವಳೊಬ್ಬಳಿಗೇ ಓಡಾಡುವ ಅನುಮತಿ ಇದ್ದದ್ದು. ಊರೂರಿನ ಬಾಯಿಗೂ ಮುಳ್ಳಿನ ಕೊಂಬೆ ಎಳೆದು ಬೇಲಿ ಹಾಕಿದ್ದರು. ಪೊಲೀಸರು ಹಾಕಿದ ಬೇಲಿಗಿಂತ ನೆಂಟರು ಹಾಕಿದ ಬೇಲಿಯೇ ಗಟ್ಟಿ ಇತ್ತು.

ಕತೆ ಎಲ್ಲರಿಗೂ ಗೊತ್ತು. ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಬಂತು. ಚೀನಾದಿಂದ ಬಂದ ಡ್ರಮ್ಮಿನಲ್ಲಿ ಬಂತು ಎಂದರು, ಯಾರೋ ಪರದೇಶದವರು ತಂದರು ಎಂದರು. ಮೇ ಮಧ್ಯದ ಹೊತ್ತಿಗೆ ಜಿಲ್ಲೆಯಲ್ಲಿ ಲೆಕ್ಕಕ್ಕೆ ಸಿಕ್ಕ 90 ಜನರಲ್ಲಿ ಬಹುಪಾಲು ಆ ಕಾರ್ಖಾನೆಯ ನಂಟಿನವರೇ. ಏಪ್ರಿಲ್‌ನ ದೊಡ್ಡಜಾತ್ರೆ ನಿಂತಿತು. ಗೌತಮ ರಥ ನಿಂತಲ್ಲೇ ನಿಂತಿತು, ಹೊಳೆದಂಡೆಯಲ್ಲಿ ಮುಡಿ ತೆಗೆಯುವವರ ಕತ್ತಿಗೆ ತಲೆ ಇಲ್ಲದಂತಾಯಿತು. ಅದೇ ಕಂಪನಿ ಆಗಸ್ಟ್‌ನಲ್ಲಿ ರೆಮ್‌ಡೆಸಿವಿರ್ ಮಾರುಕಟ್ಟೆಗೆ ಬಿಟ್ಟಾಗ, ನಂಜೂ ನಮ್ಮದೇ ಮದ್ದೂ ನಮ್ಮದೇ ಎಂದು ಊರವರು ಸ್ವಲ್ಪ ತಲೆ ಎತ್ತಿದರು. ಬೆಂಗಳೂರಿನವರಿಗೆ ಇದು ನೆನಪಿರುವುದಿಲ್ಲ.

ನಾನು ಹೇಳಹೊರಟದ್ದು ನರಸೀಪುರದ ಆ ಮನುಷ್ಯ, ಆಚಾರ್ರ ಕತೆ. ಗುಂಜಾ ನರಸಿಂಹಸ್ವಾಮಿ ಗುಡಿಯ ಹಿಂದಿನ ಬೀದಿಯಲ್ಲಿ ಅವರ ಚಿನ್ನಬೆಳ್ಳಿ ಕೆಲಸದ ಅಂಗಡಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದು ಅಲ್ಲಿಯ ನಂಬಿಕೆ, ಸ್ವಾಮಿಯ ಕೈಯಲ್ಲೂ ಗುಲಗಂಜಿ ಇದೆ. ಆಚಾರ್ರಿಗೆ ಅದು ಬರಿಯ ನಂಬಿಕೆಯಲ್ಲ, ಅಳತೆ. ಮಗ ಬ್ಯಾಟರಿ ತಕ್ಕಡಿ ತಂದಿಟ್ಟಿದ್ದಾನೆ. ಇವರು ಅದನ್ನು ಗಿರಾಕಿಗೆ ತೋರಿಸುತ್ತಾರೆ, ತಮ್ಮ ಸಮಾಧಾನಕ್ಕೆ ಹಿತ್ತಾಳೆ ತ್ರಾಸು ತೆಗೆದು ಕರಿಕಣ್ಣಿನ ಕೆಂಪು ಬೀಜ ಒಂದೊಂದೇ ಹಾಕಿ ತೂಗುತ್ತಾರೆ. ಮದುವೆಯ ಕರೆಯೋಲೆ ಬಂದರೂ ತೂಗಿಯೇ ಎಷ್ಟು ಮುಯ್ಯಿ ಮಾಡಬೇಕೆಂದು ತೀರ್ಮಾನ ಮಾಡುವ ಆಸಾಮಿ.

ಇನ್ನೊಬ್ಬ ಮಗ ನಂಜನಗೂಡಿನ ಆ ಕಾರ್ಖಾನೆಯಲ್ಲಿದ್ದ. ಅವನನ್ನು ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದೊಯ್ದರು. ಸಂಜೆ ನಾಲ್ಕು ಜನ ಬಂದು ಆಚಾರ್ರ ಬಾಗಿಲಿಗೆ ‘ಈ ಮನೆಗೆ ಯಾರೂ ಬರಬಾರದು’ ಎಂಬ ಕಾಗದ ಅಂಟಿಸಿ, ಇವರ ಕೈ ಹಿಡಿದು ಮುದ್ರೆ ಒತ್ತಿ ಹೋದರು. ಹಾಲಿನವನು ತಂಬಿಗೆಯನ್ನು ಮೂರು ಮಾರು ದೂರ ಇಡತೊಡಗಿದ. ನಲವತ್ತು ವರ್ಷದ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

‘ಆ ಮುದ್ರೇನ ಅಂಟುವಾಳಕಾಯಿ ಹಾಕಿ ಉಜ್ಜಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ಜಗ್ಗಲಿಲ್ಲ ಕಣಪ್ಪ. ಆಮೇಲೆ ಹೊಳೀತು, ಅದರಲ್ಲಿ ಬೆಳ್ಳಿ ಅದೆ!’

ನಿಜ. ಚುನಾವಣೆಯ ಮಸಿಯಲ್ಲಿ ಇರುವುದು ಸಿಲ್ವರ್ ನೈಟ್ರೇಟ್. ನಾಲ್ವಡಿಯವರು 1937ರಲ್ಲಿ ಕಟ್ಟಿಸಿದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ಅದನ್ನು ಇಡೀ ದೇಶಕ್ಕೆ ಕೊಡುತ್ತಿದೆ. ಕ್ವಾರಂಟೈನ್ ಮುದ್ರೆಗೂ ಅದನ್ನು ಬಳಸಬಹುದು ಎಂದು ಚುನಾವಣಾ ಆಯೋಗ ಆ ಮಾರ್ಚ್‌ನಲ್ಲೇ ಒಪ್ಪಿಗೆ ಕೊಟ್ಟಿತ್ತು. ನಾವು ಸರ್ಕಾರವನ್ನು ಆರಿಸಿದ್ದಕ್ಕೆ ಬೆರಳಿಗೆ ಬೀಳುತ್ತಿದ್ದ ಗುರುತು, ಸರ್ಕಾರ ನಮ್ಮನ್ನು ಆರಿಸಿದಾಗ ಮುಂಗೈಗೆ ಬಿತ್ತು. ಆಚಾರ್ರ ತಕರಾರು ಬೇರೆ: ‘ಬೆಳ್ಳಿ ಬಿಟ್ಟಿ ಕೊಟ್ಟವ್ರೆ, ತೂಕ ಹೇಳಿಲ್ಲ.’

ಹದಿನಾಲ್ಕು ದಿನ ಕಳೆದ ಬೆಳಿಗ್ಗೆ ಅವರು ಬಾಗಿಲಿನ ಕಾಗದವನ್ನು ಹರಿಯದಂತೆ ನೀರು ಹಚ್ಚಿ ಬಿಡಿಸಿ, ಒಣಗಿಸಿ, ತ್ರಾಸಿನಲ್ಲಿಟ್ಟರು. ಅಂಟೂ ಸೇರಿ ನಲವತ್ತೊಂದು ಗುಲಗಂಜಿ. ‘ಇಷ್ಟು ತೂಕಕ್ಕೆ ಒಂದು ಬೀದಿ ಜನ ನನ್ನ ಮುಖ ನೋಡೋದು ಬಿಟ್ಟರಲ್ಲ’ ಎಂದು ಅಂದಿನಿಂದ ಕಂಡವರಿಗೆಲ್ಲ ಹೇಳುತ್ತ ಬಂದಿದ್ದಾರೆ.

ಆ ಕಾಗದದ ಹಿಂದಿದ್ದ ಕಾಯಿದೆಯೂ ಅಂಥ ಭಾರದ್ದೇನಲ್ಲ. 1897ರದು, ಮುಂಬೈಯ ಪ್ಲೇಗಿಗೆಂದು ಬ್ರಿಟಿಷರು ಅವಸರದಲ್ಲಿ ಮಾಡಿದ್ದು. ಆಗ ಅದರಲ್ಲಿ ಇದ್ದದ್ದು ನಾಲ್ಕೇ ಕಲಂ. ಮರುವರ್ಷ ಪ್ಲೇಗು ನಮ್ಮ ಸೀಮೆಗೂ ಬಂತು. ಅದರ ಕಟ್ಟುಪಾಡು ತಾಳಲಾರದೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ದಂಗೆಯೆದ್ದದ್ದನ್ನು ಎಲ್ಲೋ ಓದಿದ ನೆನಪು. ನಮ್ಮಜ್ಜಿ ‘ಇಲಿ ಬಿದ್ದರೆ ಊರು ಬಿಡೋದು’ ಎನ್ನುತ್ತಿದ್ದಳು. ಹೊಲದಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಆಗ ಮನೆ ಬಿಡಿ ಅಂದರು, ಈ ಸಲ ಮನೆ ಬಿಡಬೇಡಿ ಅಂದರು. ಗುಡಿಸಲಿನಲ್ಲಿ ಕೊನೇಪಕ್ಷ ಗಾಳಿಯಾದರೂ ಆಡುತ್ತಿತ್ತು.

ಅಂಗಡಿ ಬಾಗಿಲು ತೆಗೆದ ಮೇಲೆ ಆಚಾರ್ರಿಗೆ ಇನ್ನೊಂದು ಕಷ್ಟ. ಮಾಸ್ಕ್ ಹಾಕಿಕೊಂಡು ಊದುಗೊಳವೆ ಊದುವುದು ಹೇಗೆ? ಮಾಸ್ಕಿಗೆ ಗೊಳವೆಯಷ್ಟು ತೂತು ಮಾಡಿದರು. ಮಾಸ್ಕ್ ಇಲ್ಲದವರಿಗೆ ಪಟ್ಟಣದಲ್ಲಿ ಸಾವಿರ ರೂಪಾಯಿ ದಂಡ ಎಂದು ಸರ್ಕಾರ ಹೇಳಿ, ಬೈಗುಳ ತಾಳಲಾರದೆ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿದ ಕಾಲ ಅದು. ತೂತಿನ ಮಾಸ್ಕಿಗೆ ಎಷ್ಟು ದಂಡ ಎಂದು ಇವರೇ ಹೋಗಿ ಪೇದೆಯನ್ನು ಕೇಳಿದರಂತೆ. ಪೇದೆ ನಕ್ಕು ಕಳಿಸಿದ.

ಮಾಡಿಸುವ ಗಿರಾಕಿ ಇರಲಿಲ್ಲ, ಮದುವೆಗಳೆಲ್ಲ ಐವತ್ತು ಜನರಲ್ಲಿ ಮುಗಿಯುತ್ತಿದ್ದವು. ಬಂದವರು ಮಾರುವವರು. ಬೆಂಗಳೂರಿನಲ್ಲಿ ಗಾರೆ ಕೆಲಸ, ಗಾರ್ಮೆಂಟ್ಸು, ಆಟೊ ಬಿಟ್ಟು ಬಂದವರ ಮನೆಗಳಿಂದ ಮೊದಲು ಬಳೆ ಬಂತು. ಆಮೇಲೆ ಓಲೆ, ಮೂಗುಬಟ್ಟು. ಆಗಸ್ಟಿನ ಹೊತ್ತಿಗೆ ತಾಳಿಯ ಗುಂಡು ಬರತೊಡಗಿತು. ಹತ್ತು ಗ್ರಾಂ ಚಿನ್ನ ಐವತ್ತು ಸಾವಿರ ದಾಟಿದ್ದ ತಿಂಗಳು. ‘ರೇಟು ಚೆನ್ನಾಗದೆ ಅಂತ ಹೇಳೋಕೆ ನಾಲಿಗೆ ಬರ್ತಿರಲಿಲ್ಲ. ಆಯಮ್ಮ ಗುಂಡು ಬಿಚ್ಚಿಕೊಟ್ಟು ಅರಿಸಿನ ಕೊಂಬು ಕಟ್ಟಿಕೊಂಡು ಹೋಯ್ತಿದ್ದರೆ ಏನಂತ ಹೇಳೋದು?’

ಇಷ್ಟು ಕೇಳಿದ ಮೇಲೆ ಇಬ್ಬರೂ ಸಂಗಮದ ಮೆಟ್ಟಿಲಿಗೆ ಹೋಗಿ ಕುಳಿತೆವು. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ನಡೆದುಕೊಂಡು ಬಂದಿದ್ದ ಕುಂಭಮೇಳ 2019ರ ನಂತರ ತಪ್ಪಿ, ಮತ್ತೆ 2025ರಲ್ಲಿ ನಡೆಯಿತು. ಆ ಜನ, ಆ ನೂಕುನುಗ್ಗಲು ನೋಡಿದರೆ ನಡುವೆ ಏನೂ ಆಗಿರಲೇ ಇಲ್ಲವೇನೋ ಅನ್ನಬೇಕು ಎಂದೆ. ಆಚಾರ್ರು ನೀರು ನೋಡುತ್ತ ‘ಚಾಮರಾಜನಗರದಲ್ಲಿ ನಮ್ಮ ಷಡ್ಡಕ ಇದ್ದ’ ಎಂದು ಮಾತು ನಿಲ್ಲಿಸಿದರು. 2021ರ ಮೇ 2ರ ರಾತ್ರಿ ಮತ್ತು ಮರುದಿನದ ನಡುವೆ ಅಲ್ಲಿಯ ಜಿಲ್ಲಾಸ್ಪತ್ರೆಯಲ್ಲಿ 24 ಜನ ಹೋದರು. ಆಮ್ಲಜನಕ ಇಲ್ಲದೆ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತು. ಸಿಲಿಂಡರ್ ಯಾರು ಕಳಿಸಬೇಕಿತ್ತು ಎಂದು ಮೈಸೂರು, ಚಾಮರಾಜನಗರ ಜಿಲ್ಲೆಗಳ ನಡುವೆ ಜಗಳವಾಯಿತು. 1997ರವರೆಗೆ ಎರಡೂ ಒಂದೇ ಜಿಲ್ಲೆಯಾಗಿತ್ತು. ಷಡ್ಡಕ ಆ ಮೂವರಲ್ಲೋ, ಉಳಿದವರಲ್ಲೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ವಾಪಸು ಬಂದು ಕಾಫಿ ಕುಡಿಯುವಾಗ, ಆ ಕಾಗದ ಇನ್ನೂ ಇದೆಯಾ ಎಂದೆ. ಪೆಟ್ಟಿಗೆಯ ತಳದಿಂದ ತೆಗೆದರು. ಅಂಚು ಹಳದಿಯಾಗಿ, ಮೂಲೆಯನ್ನು ಹುಳ ತಿಂದಿತ್ತು. ತ್ರಾಸೂ ಹೊರಬಂತು. ಬೀಜ ಹಾಕುತ್ತ ಹೋದರು, ಮುಳ್ಳು ನಿಂತಿತು. ಮತ್ತೆ ಎಣಿಸಿದರು. ಮೂವತ್ತೊಂಬತ್ತು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಗಾದೆ ನನ್ನ ಮುಖದಲ್ಲೇ ಕಂಡಿರಬೇಕು. ಆಚಾರ್ರು ಕನ್ನಡಕ ಮೇಲೇರಿಸಿ ನನ್ನನ್ನೇ ದಿಟ್ಟಿಸಿದರು.

‘ಎರಡು ಗುಲಗಂಜಿ ಕಮ್ಮಿ ಆಗದೆ. ನಾನಲ್ಲಪ್ಪ.’